ಹಗೇವಿನಲ್ಲಿಟ್ಟ ಮುಖ

ಚಾಚಾ ಹೋದ ಸುದ್ದಿ ಬಂದಾಗ ನಾನು ಶಿಗ್ಗಾವಿಯಲ್ಲಿ ಸವಣೂರಿನ ಬಸ್ಸು ಹತ್ತುತ್ತಿದ್ದೆ. ಬೆಳಗಿನ ನಮಾಜು ಮುಗಿಸಿ ಮನೆಗೆ ಬಂದವರು ಚಹಾ ಕೇಳಿ, ಅದು ಒಲೆಯಿಂದ ಇಳಿದು ಬರುವಷ್ಟರಲ್ಲಿ ಗೋಡೆಗೆ ಒರಗಿ ಹಾಗೆಯೇ ಹೋಗಿಬಿಟ್ಟಿದ್ದರು. ಸವಣೂರಿನಲ್ಲಿ ಅವರದೊಂದು ಫೋಟೋ ಸ್ಟುಡಿಯೋ. ಅಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಮದುವೆಯ ಆಲ್ಬಮ್ ಮಾಡುತ್ತ ನನ್ನ ಅರ್ಧ ಆಯುಷ್ಯ ಕಳೆದಿದೆ. ಬಸ್ಸು ಇನ್ನೂ ದಾರಿಯಲ್ಲಿರುವಾಗಲೇ ಫೋನು ಬಡಿದುಕೊಳ್ಳಲು ಶುರುವಾಯಿತು. ಹಾನಗಲ್ಲಿನಿಂದ, ಹಿರೇಕೆರೂರಿನಿಂದ, ಹುಲಗೂರಿನಿಂದ, ಎಲ್ಲ ಕಡೆಯಿಂದಲೂ ಒಂದೇ ಮಾತು.

"ಚಾಚಾರದ್ದೊಂದ ಚಲೋ ಫೋಟೋ ಇದ್ರ ಕಳಸ್ರಿ ಅಕ್ಕಾರ."

ಫೋಟೋ ಇತ್ತು, ಒಂದೇ ಒಂದು. ಆದರೆ ಅದು ಹಗೇವಿನಲ್ಲಿತ್ತು. ಎಷ್ಟು ಹಾರಾಡಿದರೂ ನಾಳೆಯವರೆಗೆ ಕೈಗೆ ಸಿಗುವಂತಿರಲಿಲ್ಲ. ಸಾವಿನ ಮನೆಯವರನ್ನು ಫೋಟೋಕ್ಕಾಗಿ ಕಾಯಿಸಬಾರದು ಎಂದು ಜೀವಮಾನವಿಡೀ ಹಟ ಹಿಡಿದ ಮನುಷ್ಯ ತನ್ನ ಸರದಿ ಬಂದಾಗ ನಾಲ್ಕು ತಾಲೂಕಿನ ಜನರನ್ನು ಕಾಯಿಸಿಬಿಟ್ಟರು. ಬಸ್ಸಿನಲ್ಲಿ ಕುಳಿತು ಅತ್ತೆ. ಅಳುವಾಗಲೂ ಅವರ ಮೇಲೆ ಸಿಟ್ಟೇ ಇತ್ತು.

ಹಗೇವು ಎಂದರೇನು, ಫೋಟೋ ಅಲ್ಲಿಗೆ ಹೋದದ್ದು ಹೇಗೆ ಎಂದು ಹೇಳದೆ ಚಾಚಾ ಎಂಥವರು ಎಂಬುದನ್ನು ಹೇಳಲಿಕ್ಕೆ ಬರುವುದಿಲ್ಲ. ಅದಕ್ಕೂ ಮೊದಲು ಮನುಷ್ಯನನ್ನು ಒಮ್ಮೆ ನೋಡಬೇಕು.

ಗಿಡ್ಡನೆಯ ಆಳು. ತಲೆ ಪೂರಾ ಬೋಳು, ಅದರ ಮೇಲೊಂದು ಬಿಳಿ ಟೊಪ್ಪಿಗೆ. ಅಂಗಿಯ ಜೇಬಿನಲ್ಲಿ ಲೆನ್ಸ್ ಒರೆಸುವ ಮೆತ್ತನೆಯ ಅರಿವೆ. ಅದರಿಂದ ಲೆನ್ಸ್ ಒರೆಸಿದ್ದಕ್ಕಿಂತ ಮದುವೆಯಲ್ಲಿ ಅಳುವ ಕೂಸುಗಳ ಮೂಗು ಒರೆಸಿದ್ದೇ ಹೆಚ್ಚು. ಬಾಯಲ್ಲಿ ಸದಾ ಸವಣೂರಿನ ವೀಳ್ಯದೆಲೆ. ಎಲೆ ಹಾಕಿಕೊಂಡಾಗ ಮಾತಿಲ್ಲ, ಉಗುಳಿ ಬಂದ ಮೇಲೆ ಮಾತಿಗೆ ಲಗಾಮಿಲ್ಲ. ಅವರ ಹೆಸರು ಅಂಗಡಿಯ ಬೋರ್ಡಿನ ಮೇಲಿತ್ತು. ಆದರೂ ಹಿಂದೂ ಮುಸಲ್ಮಾನರೆನ್ನದೆ ಎಲ್ಲರಿಗೂ ಅವರು ಚಾಚಾ. ಹಾನಗಲ್ಲ ಕಡೆಯ ಅವರಿಗಿಂತ ಹಿರಿಯ ಗೌಡರೊಬ್ಬರು ಕೂಡ ಚಾಚಾ ಎಂದೇ ಕರೆಯುತ್ತಿದ್ದರು.

ಫೋಟೋ ತೆಗೆಯುವಾಗ ಅವರು ಯಾರಿಗೂ ನಗಿರಿ ಎಂದದ್ದು ನಾನು ಕೇಳಿಲ್ಲ. "ನಗ್ರಿ ಅಂದ್ರ ಹಲ್ಲ ಬರ್ತಾವು, ನಗಿ ಬರೂದಿಲ್ಲ" ಎನ್ನುತ್ತಿದ್ದರು. ಅದರ ಬದಲು ಏನಾದರೂ ಅಡ್ಡ ಮಾತು ತೆಗೆಯುತ್ತಿದ್ದರು. ಮದುಮಗನಿಗೆ, "ಏನೋ ತಮ್ಮಾ, ರಾತ್ರಿ ಬೀಗರು ಹೋಳಿಗಿ ಹಾಕಿದ್ರೋ, ಬರೇ ಅನ್ನಾ ಸಾರೋ?" ಅವನು ಬೀಗರ ಕಡೆ ತಿರುಗಿ ನೋಡುವ ಹೊತ್ತಿಗೆ ಫೋಟೋ ಮುಗಿದಿರುತ್ತಿತ್ತು.

ನಾನು ಕೆಲಸಕ್ಕೆ ಸೇರಿದ ದಿನ ಕಂಪ್ಯೂಟರ್ ಮುಟ್ಟಲಿಕ್ಕೆ ಬಿಡಲಿಲ್ಲ. ಕ್ಯಾಮೆರಾ ಕೈಗೆ ಕೊಟ್ಟು, "ಮೊದಲ ನನ್ನ ತಗಿ" ಎಂದು ಎದುರಿಗೆ ನಿಂತರು. ನನಗೆ ಕ್ಯಾಮೆರಾ ಹಿಡಿಯಲು ಬರುತ್ತಿರಲಿಲ್ಲ. ಅವರು ಕೈ ಎತ್ತಿ ತಡಿ ತಡಿ ಎನ್ನುತ್ತಿರುವಾಗಲೇ ಗುಂಡಿ ಒತ್ತಿಬಿಟ್ಟೆ. ನೋಡಿದರೆ ಫೋಟೋದಲ್ಲಿ ಹುಬ್ಬಿನ ಮೇಲೆ ತಲೆಯೇ ಇಲ್ಲ.

ಚಾಚಾ ಅದನ್ನು ಬಹಳ ಹೊತ್ತು ನೋಡಿದರು. "ಹೆಂಗೂ ಕೂದಲಿಲ್ಲ, ಇವರಿಗೆ ತಲಿ ಯಾಕ ಬೇಕು ಅಂತ ಕಡದಿ ಏನ ಯವ್ವಾ?"

ನಾಚಿಕೆಯಿಂದ ಅಳಿಸಲು ಹೋದೆ. ಕೈ ಹಿಡಿದುಕೊಂಡರು. "ಅಳಸಬ್ಯಾಡ. ನಮ್ಮ ಅಂಗಡ್ಯಾಗ ಯಾರ ಮಾರೀನೂ ಅಳಸೂದಿಲ್ಲ."

ಇದು ಬಾಯಿಮಾತಲ್ಲ ಎಂದು ಆಮೇಲೆ ತಿಳಿಯಿತು. ಬೇರೆ ಸ್ಟುಡಿಯೋದವರು ಆಲ್ಬಮ್ ಕೊಟ್ಟು ಆರು ತಿಂಗಳಿಗೆ ಎಲ್ಲ ಅಳಿಸಿ ಜಾಗ ಮಾಡಿಕೊಳ್ಳುತ್ತಾರೆ. ಅದರಲ್ಲಿ ತಪ್ಪೂ ಇಲ್ಲ. ಗಿರಾಕಿಗೆ ಅವನ ಮಾಲು ಮುಟ್ಟಿತು, ಸಂಬಂಧ ಮುಗಿಯಿತು. ನಮ್ಮಲ್ಲಿ ಹಾಗಿಲ್ಲ. ಒಂದೊಂದು ಮದುವೆಯ ಅಷ್ಟೂ ಫೋಟೋ, ಅಷ್ಟೂ ವಿಡಿಯೋ ಹಾರ್ಡ್ ಡಿಸ್ಕಿನಲ್ಲಿ ಹೋಗಿ ಕಪಾಟಿನಲ್ಲಿ ಕೂರುತ್ತಿತ್ತು. ಮೇಲೆ ಊರಿನ ಹೆಸರಿನ ಚೀಟಿ. ಕಪಾಟು ತುಂಬಿತು, ಎರಡನೆಯದು ಬಂತು, ಅದೂ ತುಂಬಿತು. ಒಂದು ಮಳೆಗಾಲದಲ್ಲಿ ಗೋಡೆಗೆ ತಂಪು ಹಿಡಿದು ಹಿರೇಕೆರೂರು ಕಡೆಯ ಒಂದು ಡಿಸ್ಕ್ ಸತ್ತೇಹೋಯಿತು. ಹುಬ್ಬಳ್ಳಿಗೆ ಒಯ್ದು ತೋರಿಸಿದರೂ ಜೀವ ಬರಲಿಲ್ಲ.

ಅದರಲ್ಲಿದ್ದ ಮದುವೆಗಳ ಮನೆಯವರು ಯಾರೂ ಏನನ್ನೂ ಕೇಳಿರಲಿಲ್ಲ. ಆದರೂ ಚಾಚಾ ಬಸ್ಸು ಹತ್ತಿ ಹೋಗಿ ಮನೆ ಮನೆಗೆ ಹೇಳಿ ಬಂದರು. ಬೈಸಿಕೊಂಡು ಬರುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲವಂತೆ, ಊಟಕ್ಕೆ ಹಾಕಿದರಂತೆ. ಬಂದು ಕುರ್ಚಿಯಲ್ಲಿ ಕುಳಿತರು.

"ರೊಟ್ಟಿ ಹಾಕಿದ್ರ ಯವ್ವಾ" ಎಂದರು. "ಬೈದಿದ್ರ ಹಗುರ ಆಗ್ತಿತ್ತು. ಇನ್ನ ಮ್ಯಾಲೆ ತಂಪ ಹತ್ತಲಾರದ ಜಾಗಾ ಹುಡಕು."

ಹುಡುಕಿದೆ. ಈಗ ಜನ ಕ್ಲೌಡ್ ಎನ್ನುತ್ತಾರಲ್ಲ, ದೂರದ ಯಾವುದೋ ಊರಿನ ದೊಡ್ಡ ಯಂತ್ರಗಳಲ್ಲಿ ನಮ್ಮ ಫೋಟೋ, ವಿಡಿಯೋ ಬಾಡಿಗೆಗೆ ಇಡುವುದು, ಅದನ್ನು ಕಲಿತೆ. ಅಲ್ಲಿ ಜಾಗ ಒಂದೇ ತರಹ ಇರುವುದಿಲ್ಲ. ಒಂದು ದುಬಾರಿ ಜಾಗ. ಅಲ್ಲಿಟ್ಟದ್ದು ಒತ್ತಿದ ಕೂಡಲೇ ಬರುತ್ತದೆ. ಇನ್ನೊಂದಕ್ಕೆ ಬಾಡಿಗೆ ಕಡಿಮೆ, ಆದರೆ ತೆಗೆದಾಗೊಮ್ಮೆ ಬೇರೆ ಖರ್ಚು. ಮೂರನೆಯದು ಬಲು ಅಗ್ಗ, ಇಟ್ಟದ್ದು ಮರೆತುಹೋಗುವಷ್ಟು ಅಗ್ಗ. ಬೇಕೆಂದಾಗ ಮಾತ್ರ ಹೇಳಿ ಕಳಿಸಬೇಕು, ಅದು ಬರಲು ಒಂದು ದಿನ ಹಿಡಿದರೂ ಹಿಡಿದೀತು. ಎಲ್ಲವನ್ನೂ ಮೊದಲನೆಯದರಲ್ಲಿ ಇಟ್ಟರೆ ಅಂಗಡಿ ಮಾರಬೇಕು. ಮದುವೆಯಲ್ಲಿ ಮನೆಯವರೇ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಲು ಶುರು ಮಾಡಿ ನಮ್ಮ ಧಂದೆ ಇಳಿದಿದ್ದ ಕಾಲ ಅದು. ಎಲ್ಲವನ್ನೂ ಮೂರನೆಯದರಲ್ಲಿ ಇಟ್ಟರೆ ಬೇಕಾದಾಗ ಏನೂ ಕೈಗೆ ಸಿಗುವುದಿಲ್ಲ.

ನಾನು ಒಂದು ಗಂಟೆ ಹೇಳಿದ್ದನ್ನು ಚಾಚಾ ಎಲೆ ಅಗಿಯುತ್ತ ಕೇಳಿದರು. ಹೊರಗೆ ಹೋಗಿ ಉಗುಳಿ ಬಂದರು.

"ಹಂಗಂದ್ರ ಅಡಿಗಿಮನಿ, ಅಟ್ಟ, ಹಗೇವು" ಎಂದರು.

ಅಲ್ಲಿಂದ ನಮ್ಮ ಅಂಗಡಿಯಲ್ಲಿ ಆ ಮೂರು ಜಾಗಗಳಿಗೆ ಅವೇ ಹೆಸರು. ಕಂಪ್ಯೂಟರಿನಲ್ಲೂ ಹಾಗೆಯೇ ಬರೆದಿಟ್ಟೆ.

ಚಾಚಾ ಹುಲಗೂರಿನ ಒಕ್ಕಲು ಮನೆತನದವರು. ಅವರ ದಾದಾ, ಅಂದರೆ ಅಜ್ಜನ ಕಾಲದಲ್ಲಿ ಮನೆಯ ಮುಂದೆ ನೆಲದೊಳಗೆ ಹಗೇವು ಇತ್ತಂತೆ. ಒಬ್ಬ ಆಳು ಇಳಿಯುವಷ್ಟೇ ಬಾಯಿ, ಒಳಗೆ ಒಂದು ಕೋಣೆಯಷ್ಟು ಹೊಟ್ಟೆ. ಸುಗ್ಗಿಯಲ್ಲಿ ಜೋಳ ತುಂಬಿ ಬಾಯಿಗೆ ಕಲ್ಲು ಹಾಕಿ ಮಣ್ಣು ಮೆತ್ತಿದರೆ ಮುಂದೆ ಬೇಕಾಗುವವರೆಗೆ ಆ ಕಡೆ ನೋಡುವಂತಿಲ್ಲ. ತೆಗೆಯುವ ದಿನವೂ ಅವಸರ ಮಾಡುವಂತಿಲ್ಲ. ಒಳಗೆ ಕೆಟ್ಟ ಗಾಳಿ ಕೂತಿರುತ್ತದೆ. ಕಲ್ಲು ಸರಿಸಿ ಬಿಟ್ಟು, ಹೊತ್ತು ಹೋದ ಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಮತ್ತೆ ಕಾಯಬೇಕು. ದೀಪ ಉರಿಯುತ್ತಿದ್ದರೆ ಆಳು ಇಳಿಯಬೇಕು.

"ನಮ್ಮ ದಾದಾ ಹೇಳ್ತಿದ್ದಾ, ಹಸದಾವಗ ಹಗೇವಿನ ಬಾಯಿ ತೋರಸಬಾರ್ದು ಅಂತ. ದೀಪಕ್ಕ ತಡಿಯೂದಿಲ್ಲ, ಜಿಗದ ಬಿಡ್ತಾನ."

ಇನ್ನು ಯಾವುದನ್ನು ಎಲ್ಲಿಡಬೇಕು ಎಂಬುದಕ್ಕೆ ನಮ್ಮಿಬ್ಬರಿಗೂ ಜಗಳ. ನನ್ನದು ಸೀದಾ ಲೆಕ್ಕ. ಈ ವರ್ಷದ್ದು ಅಡಿಗೆಮನೆಗೆ, ಹೋದ ವರ್ಷದ್ದು ಅಟ್ಟಕ್ಕೆ, ಅದರಾಚೆಗಿನದೆಲ್ಲ ಹಗೇವಿಗೆ. ಚಾಚಾ ಒಪ್ಪಲಿಲ್ಲ.

"ವರ್ಷಾ ಏನ ನೋಡ್ತಿ? ಕೇಳೋರನ್ನ ನೋಡು. ಲಗ್ನದ ವಿಡಿಯೋ ಮಂದಿ ಯಾವಾಗ ನೋಡ್ತಾರ? ಆಲ್ಬಮ್ ಬಂದ ವಾರ ನೋಡ್ತಾರ. ಆಮ್ಯಾಲೆ ಅವರ ಕೂಸು ದೊಡ್ಡದಾಗಿ, ಅವ್ವಾ ನೀ ಹೆಂಗಿದ್ದಿ ಅಂತ ಕೇಳಿದಾಗ ನೋಡ್ತಾರ. ಅಲ್ಲೀತನಕಾ ಅದು ಹಗೇವಿನಾಗ ಇದ್ರ ಯಾರಿಗೇನ ತ್ರಾಸು?"

"ಹಂಗಾರ ಅಡಿಗಿಮನ್ಯಾಗ ಏನ ಇಡೂದ್ರಿ?"

"ಮುದುಕರನ್ನ" ಎಂದರು.

ನಾನು ನಕ್ಕೆ. ಅವರು ನಗಲಿಲ್ಲ. ಆಗ ನನಗೆ ತಿಳಿಯಿತು. ನಮ್ಮ ಕಡೆ ಮನೆಯಲ್ಲಿ ಹಿರಿಯರು ತೀರಿಕೊಂಡರೆ ಅದೇ ಹೊತ್ತಿಗೆ ಫೋಟೋ ಬೇಕು. ಹೆಣದ ತಲೆದೆಸೆಗೆ ಇಡಲಿಕ್ಕೆ, ಬಸ್ ಸ್ಟ್ಯಾಂಡಿನಲ್ಲಿ ಬ್ಯಾನರ್ ಕಟ್ಟಲಿಕ್ಕೆ. ಮುದುಕರಿಗೆ ಬೇರೆ ಫೋಟೋ ಎಲ್ಲಿರುತ್ತದೆ? ಹೊಲದಲ್ಲಿ ಇದ್ದವರು, ಒಲೆಯ ಮುಂದೆ ಇದ್ದವರು. ಆಧಾರ್ ಕಾರ್ಡಿನ ಫೋಟೋವನ್ನು ದೊಡ್ಡದು ಮಾಡಿದರೆ ಪೊಲೀಸರು ಹಿಡಿದುಕೊಂಡು ಬಂದವರ ಹಾಗೆ ಕಾಣುತ್ತಾರೆ. ಒಳ್ಳೆಯ ಬಟ್ಟೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ನಾಲ್ಕು ಜನರ ನಡುವೆ ಕುಳಿತಿರುವುದು ಮೊಮ್ಮಗಳ ಮದುವೆಯಲ್ಲಿ ಮಾತ್ರ.

ಚಾಚಾ ಮದುವೆಗಳಲ್ಲಿ ಮಾಡುತ್ತಿದ್ದುದರ ಅರ್ಥವೂ ಆಗಲೇ ಹೊಳೆಯಿತು. ಅಕ್ಷತೆ ಬಿದ್ದು ಎಲ್ಲರೂ ವೇದಿಕೆಯ ಕಡೆ ನುಗ್ಗಿದಾಗ ಇವರು ಕ್ಯಾಮೆರಾ ಹಿಡಿದು ಹಿಂದಿನ ಸಾಲಿಗೆ ಹೋಗುತ್ತಿದ್ದರು. ಅಲ್ಲಿ ಮೂಲೆಯಲ್ಲಿ ಕುಳಿತ ಅಜ್ಜ ಅಜ್ಜಿಯರ ಒಂದೊಂದು ಮುಖ ತೆಗೆದುಕೊಂಡು ಬರುತ್ತಿದ್ದರು. ಆಲ್ಬಮ್ಮಿನಲ್ಲಿ ಅವು ಎಂದೂ ಬರುತ್ತಿರಲಿಲ್ಲ. ಸುಮ್ಮನೆ ಬ್ಯಾಟರಿ ದಂಡ ಎಂದು ನಾನು ಗೊಣಗುತ್ತಿದ್ದೆ.

ತಿಳವಳ್ಳಿಯ ಒಂದು ಮದುವೆಯಲ್ಲಿ ಒಬ್ಬ ಅಜ್ಜಿ ಇದನ್ನು ಹಿಡಿದುಬಿಟ್ಟಳು. ಹಲ್ಲಿಲ್ಲದ ಬಾಯಿ, ಕಣ್ಣು ಮಾತ್ರ ಸೂಜಿ. ಚಾಚಾ ಎದುರಿಗೆ ಮೊಣಕಾಲೂರಿ, "ಯವ್ವಾ, ಅಕ್ಕಿ ಈ ಸಲ ಹೆಂಗ ಬಂದಾವ ನಿಮ್ಮ ಕಡೆ?" ಎಂದು ಮಾತು ತೆಗೆದರು. ಅಜ್ಜಿ ಅಕ್ಕಿಯ ಮಾತಿಗೆ ಹೋಗಲೇ ಇಲ್ಲ.

"ಹಾರಾ ಹಾಕೂ ಫೋಟೋ ತಗ್ಯಾಕ ಬಂದಿ ಹೌದಲ್ಲೊ?"

ನಾನು ಚಾಚಾರ ಮುಖ ನೋಡಿದೆ. ಎಂಥ ಗಿರಾಕಿಗೂ ಮಾತು ತಿರುಗಿಸಿ ಕೊಡುವವರು ತಡವರಿಸಿದರು. "ಇಲ್ಲಬೇ, ಸುಮ್ಮನ..."

"ಸುಮ್ಮನ ಏನ? ನನಗ ಗೊತ್ತಾಗೂದಿಲ್ಲಾ? ತಡಿ." ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಸೆರಗು ಸರಿಮಾಡಿಕೊಂಡಳು. ಮೂಗಿನ ನತ್ತು ನೆಟ್ಟಗಿದೆಯೇ ಎಂದು ನನ್ನನ್ನು ಕೇಳಿದಳು. "ಹೂಂ, ಈಗ ತಗಿ. ಗೋಡಿ ಮ್ಯಾಲೆ ನಮ್ಮ ಮುದುಕನ ಬಾಜೂಕ ಹಾಕತಾರ ನನ್ನ. ಅವಂದು ಭಾಳ ಚಂದ ಬಂದೈತಿ ಫೋಟೋ."

ಚಾಚಾ ಮೂರು ನಾಲ್ಕು ತೆಗೆದರು. ತೋರಿಸಿದರು. ಅಜ್ಜಿ ಒಂದನ್ನು ಆರಿಸಿ, ಉಳಿದವು ಬೇಡ ಎಂದಳು. ಅವನ್ನೂ ಅವರು ಅಳಿಸಲಿಲ್ಲ. ಬರುವಾಗ ಬಸ್ಸಿನಲ್ಲಿ, "ಹಿಂಗ ಆರಿಸಿಕೊಳ್ಳಾಕ ಎಷ್ಟ ಮಂದಿಗೆ ಸಿಗತೈತಿ ಹೇಳು" ಎಂದು ಎರಡು ಸಲ ಹೇಳಿದರು.

ಹೀಗಾಗಿ ಕೂತು ವಿಂಗಡಿಸಿದೆವು. ಹಳೆಯ ಡಿಸ್ಕುಗಳನ್ನೆಲ್ಲ ತೆರೆದು ಒಂದೊಂದು ಮದುವೆಯಿಂದ ಹಿರಿಯರ ಮುಖಗಳನ್ನು ಮಾತ್ರ ಕತ್ತರಿಸಿ ಊರಿನ ಹೆಸರು, ಮನೆತನದ ಹೆಸರು ಹಾಕಿ ಅಡಿಗೆಮನೆಯಲ್ಲಿಟ್ಟೆ. ಚಿಕ್ಕ ಚಿಕ್ಕ ಫೋಟೋ, ದುಬಾರಿ ಜಾಗದಲ್ಲಿದ್ದರೂ ಭಾರವಾಗಲಿಲ್ಲ. ಒಂದು ವರ್ಷದೊಳಗಿನ ಆಲ್ಬಮ್ ಕೆಲಸ ಅಟ್ಟಕ್ಕೆ. ಉಳಿದ ದೊಡ್ಡ ದೊಡ್ಡ ವಿಡಿಯೋ ಎಲ್ಲ ಹಗೇವಿಗೆ. ನನಗೆ ಊರುಗಳ ಮನೆತನ ಗೊತ್ತಿರಲಿಲ್ಲ, ಅವರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ. ನನ್ನನ್ನು ಶಾಲೆಯ ಟೀಚರನ್ನು ಕರೆದಂತೆ "ಕಂಪ್ಯೂಟರ್ ಬಾಯಾರ" ಎಂದು ಕಾಡಿಸುತ್ತ ಪಕ್ಕದಲ್ಲಿ ಕುಳಿತು ಹೇಳುತ್ತ ಹೋಗುವರು. ನಡುವೆ ನಿಂತುಬಿಡುವರು. "ಈತ ಭಾಳ ಚಲೋ ಹಾಡ್ತಿದ್ದಾ ನೋಡು." ಮುಂದಿನ ಫೋಟೋಕ್ಕೆ ಹೋಗಲು ನಾನು ಕಾಯಬೇಕು.

ಆ ವಿಂಗಡಣೆಯಲ್ಲಿಯೇ ನಾನು ತೆಗೆದ ತಲೆಯಿಲ್ಲದ ಫೋಟೋ ಬಂತು. "ಇದನ್ನ ಅಡಿಗಿಮನ್ಯಾಗ ಇಡ್ತೇನ್ರಿ" ಎಂದೆ.

"ಹಗೇವಿಗೆ ಹಾಕು."

"ಯಾಕ್ರಿ? ನೀವೇನ ಹುಡುಗರೇನು?"

"ಮುದುಕನ ಹೌದು. ಕೇಳೋರ ಯಾರ ಅದಾರ? ನಮ್ಮ ಮನ್ಯಾಗ ಗೋಡಿಗೆ ಫೋಟೋ ಹಾಕೂದಿಲ್ಲ. ನಾ ಹ್ವಾದ್ರ ಅವತ್ತ ಮಣ್ಣ ಕೊಟ್ಟ ಬರ್ತಾರ, ಮುಗೀತು. ಕೇಳೋರಿಲ್ಲದ್ದು ಅಡಿಗಿಮನ್ಯಾಗ ಯಾಕ?"

ಅಷ್ಟು ಸಣ್ಣ ಫೋಟೋಕ್ಕೆ ಏನು ಖರ್ಚು ಬರುತ್ತದೆ ಎಂದು ವಾದ ಮಾಡಿದೆ. ಖರ್ಚಿನ ಮಾತಲ್ಲ, ಪದ್ಧತಿ ಎಂದರೆ ಪದ್ಧತಿ ಎಂದರು. ಅವರ ಬೇರೆ ಫೋಟೋ ಇಲ್ಲದಿರುವುದಕ್ಕೂ ಅವರೇ ಕಾರಣ. ಯಾರಾದರೂ ಫೋನು ಎತ್ತಿದರೆ ಕೈ ಅಡ್ಡ ಹಿಡಿದು, "ನನ್ನ ಯಾಕ ತಗೀತೀರಿ, ಮದುಮಗಳ ಕಡೆ ನೋಡ್ರಿ" ಎನ್ನುವರು. ಹಾಕಿದೆ ಹಗೇವಿಗೆ.

ಅವರ ಲೆಕ್ಕ ಬಹಳ ಸಲ ಸರಿಯಾಯಿತು. ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಕೆಂಪು ಕಣ್ಣಿನ ಒಬ್ಬ ಮಗನೋ ಅಳಿಯನೋ ಬಂದು ನಿಲ್ಲುವನು. ಅವನು ಚಹಾ ಕುಡಿದು ಮುಗಿಸುವುದರೊಳಗೆ ಅವನ ಅಪ್ಪನ ಮುಖ ಚೌಕಟ್ಟಿನಲ್ಲಿ ಸಿದ್ಧ. ಚಾಚಾ ಅದನ್ನು ಪೇಪರಿನಲ್ಲಿ ಸುತ್ತಿ ಕೊಡುವರು. ದುಡ್ಡಿನ ಮಾತು ಆ ದಿನ ಇಲ್ಲ. ತಿಳವಳ್ಳಿಯ ಅಜ್ಜಿಯ ಮೊಮ್ಮಗನೂ ಒಂದು ದಿನ ಬಂದ. ಅವಳೇ ಆರಿಸಿಕೊಂಡದ್ದನ್ನು ಕೊಟ್ಟೆವು.

ಲೆಕ್ಕ ತಪ್ಪಿದ್ದು ಹತ್ತಿಮತ್ತೂರಿನಲ್ಲಿ. ಹಿಂದಿನ ವರ್ಷ ನಾವೇ ಮದುವೆಯ ಫೋಟೋ ತೆಗೆದಿದ್ದ ಹುಡುಗಿ, ನಾಲ್ಕು ದಿನದ ಜ್ವರದಲ್ಲಿ ಹೋದಳು. ಅವಳ ಅಣ್ಣ ಬಂದ. ಫೋಟೋ ಬೇಕಾಗಿರಲಿಲ್ಲ, ಫೋನಿನಲ್ಲಿ ಬೇಕಾದಷ್ಟಿದ್ದವು.

"ಒಡಪ ಹೇಳಿದ್ದು ಬೇಕ್ರಿ ಚಾಚಾ" ಎಂದ. "ಮಣ್ಣಿಗೆ ಒಯ್ಯೂದರಾಗ ಒಂದ ಸಲ ಆಕೀ ಧ್ವನಿ ಕೇಳತೇನಿ ಅಂತಾಳ ನಮ್ಮವ್ವ."

ನಮ್ಮಲ್ಲಿ ಹೊಸ ಮದುಮಗಳು ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ, ಒಡಪಿನಲ್ಲಿ ಕಟ್ಟಿ ಹೇಳಬೇಕು. ಆ ಹುಡುಗಿ ಹೇಳಿದ್ದು ನನಗೂ ನೆನಪಿತ್ತು. ಬೆಳ್ಳಿ ಬಟ್ಟಲು ಎಂದು ಶುರು ಮಾಡಿ, ಹೆಸರು ಬರುವ ಹೊತ್ತಿಗೆ ನಗು ಬಂದು ನಿಂತುಬಿಟ್ಟಿದ್ದಳು. ಹಿಂದಿನಿಂದ ಅವಳ ಅವ್ವ, "ಪೂರಾ ಹೇಳ ನಮ್ಮವ್ವಾ, ಮಂದಿ ಕಾಯಾಕತ್ತಾರ" ಎಂದು ಗದರಿಸಿದ್ದಳು. ಎಲ್ಲವೂ ವಿಡಿಯೋದಲ್ಲಿತ್ತು. ವಿಡಿಯೋ ಹಗೇವಿನಲ್ಲಿತ್ತು. ಆಲ್ಬಮ್ ಕೊಟ್ಟು ವರ್ಷ ತುಂಬಿತ್ತು, ಹರೆಯದ ಹುಡುಗಿ, ಇನ್ನು ಹತ್ತು ಹದಿನೈದು ವರ್ಷ ಯಾರು ಕೇಳುತ್ತಾರೆ ಎಂದು ನಾವೇ ಹಾಕಿದ್ದೆವು. ತಕ್ಷಣ ಹೇಳಿ ಕಳಿಸಿದೆ. ನಾಳೆ ಬರುತ್ತದೆ ಎಂದು ಕಂಪ್ಯೂಟರ್ ಹೇಳಿತು. ಹೆಚ್ಚು ಕೊಡುತ್ತೇವೆ ಎಂದರೂ ಆ ಜಾಗದಲ್ಲಿ ಅವಸರಕ್ಕೆ ದಾರಿಯಿಲ್ಲ.

ಚಾಚಾ ಅವನ ಬೈಕಿನ ಹಿಂದೆಯೇ ಕುಳಿತು ಹತ್ತಿಮತ್ತೂರಿಗೆ ಹೋದರು. ಆ ತಾಯಿಯ ಎದುರು ಕುಳಿತು ಇವತ್ತು ಆಗುವುದಿಲ್ಲ ಎಂದು ಅವರೇ ಹೇಳಿದರಂತೆ. ಮಣ್ಣಾಗುವವರೆಗೆ ಅಲ್ಲಿಯೇ ಇದ್ದು ಬಂದರು.

ಮರುದಿನ ವಿಡಿಯೋ ಬಂತು. ನನ್ನನ್ನೂ ಕರೆದುಕೊಂಡು ಹೋದರು. ತಾಯಿ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದಳು. ಲ್ಯಾಪ್‌ಟಾಪ್ ತೆರೆದು ಅಷ್ಟು ತುಣುಕನ್ನು ಹಚ್ಚಿದೆ. ಮಗಳ ನಗು, ಅವಳದೇ ಗದರಿಕೆ, ಮತ್ತೆ ಮಗಳು ಮೊದಲಿನಿಂದ ಬೆಳ್ಳಿ ಬಟ್ಟಲು. ತಾಯಿ ಅಳಲಿಲ್ಲ. ಇನ್ನೊಮ್ಮೆ ಎಂದಳು. ಮತ್ತೊಮ್ಮೆ ಎಂದಳು. ಫೋನಿಗೆ ಹಾಕಿಕೊಡಲೇ ಎಂದು ಕೇಳಿದೆ.

"ಬ್ಯಾಡ ತಂಗಿ" ಎಂದಳು. "ನನ್ನ ಕೈಯಾಗ ಇದ್ರ ನಾ ಒಲಿ ಹಚ್ಚೂದಿಲ್ಲ, ನೀರ ತರೂದಿಲ್ಲ, ಇದನ್ನ ಕೇಳಕೊಂತ ಕುಂಡ್ರತೇನಿ. ಮನ್ಯಾಗ ಇನ್ನೂ ಸಣ್ಣಾವ ಅದಾವು. ನೀವ ಇಟ್ಕೊಳ್ರಿ. ಬೇಕಾದಾಗ ಕೇಳತೇನಿ."

ಅಂಗಡಿಗೆ ಬಂದ ಕೂಡಲೇ ಚಾಚಾ ಆ ವಿಡಿಯೋವನ್ನು ಅಡಿಗೆಮನೆಯಲ್ಲಿ ಇಡಿಸಿದರು. ಆಮೇಲೆ ಆ ತಾಯಿ ಆಗಾಗ ಫೋನು ಮಾಡುವಳು. ಒತ್ತಿದರೆ ಬರುತ್ತಿತ್ತು. ಆದರೂ ಚಾಚಾ, "ಹಗೇವಿನಾಗ ಐತವ್ವಾ, ನಾಳಿ ಬರ್ತೈತಿ" ಎನ್ನುವರು. ಮರುದಿನ ತಾವೇ ಫೋನು ಮಾಡಿ ಬಂದೈತಿ, ಬೇಕೇನು ಎಂದು ಕೇಳುವರು. ಎಷ್ಟೋ ಸಲ ಅಷ್ಟರಲ್ಲಿ ಅವಳು ಬೇಡ ಎನ್ನುತ್ತಿದ್ದಳು. ಬೇಕು ಎಂದ ದಿನ ಇವರು ಖುದ್ದಾಗಿ ಹೋಗಿ ಜೊತೆಗೆ ಕುಳಿತು ಕೇಳಿಸಿ ಬರುವರು.

ಇದು ನನಗೆ ಸರಿ ಕಾಣಲಿಲ್ಲ. ಇದ್ದದ್ದನ್ನು ಇಲ್ಲ ಅನ್ನುವುದು ಯಾವ ಧರ್ಮ ಎಂದು ಕೇಳಿದೆ.

"ದೀಪ ಇಳಿಬಿಟ್ಟ ನೋಡಬೇಕಲ್ಲ ಯವ್ವಾ" ಎಂದರು. "ಒಂದ ದಿನ ತಡದ್ರ ಗೊತ್ತಾಕ್ಕೈತಿ, ಇಳೀಬಹುದೋ ಬ್ಯಾಡೋ ಅಂತ."

ಅಷ್ಟು ಹೇಳಿ ಎಲೆ ಹಾಕಿಕೊಂಡರು. ಇನ್ನು ಮಾತಿಲ್ಲ ಎಂದು ಅದರ ಅರ್ಥ.

ಇಂಥ ಮನುಷ್ಯ ಹೋದ ದಿನ ನಾನು ಮೊದಲು ಅವರ ಮನೆಗೆ ಹೋದೆ. ಮುಖ ನೋಡಿದೆ. ಹೆಂಗಸರ ನಡುವೆ ಅವರ ಹೆಂಡತಿ ಚಾಚಿಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತೆ. ಕೂರಲಾಗದೆ ಅಂಗಡಿಗೆ ಹೋಗಿ ಬಾಗಿಲು ಅರ್ಧ ತೆರೆದು ಕಂಪ್ಯೂಟರ್ ಹಚ್ಚಿದೆ. ಒಂದು ಆಸೆಯಿಂದ ಅಡಿಗೆಮನೆಯಲ್ಲಿ ಹುಡುಕಿದೆ. ನನಗೆ ಗೊತ್ತಿಲ್ಲದೆ ಯಾವಾಗಲಾದರೂ ಬದಲಿಸಿದ್ದಾರೇನೋ ಎಂದು. ಇರಲಿಲ್ಲ. ಕಂಪ್ಯೂಟರ್ ಅವರಿಗೆಲ್ಲಿ ಬರುತ್ತಿತ್ತು? ಹಗೇವಿಗೆ ಹೇಳಿ ಕಳಿಸಿದೆ. ನಾಳೆ ಎಂದಿತು.

ಹುಲಗೂರಿನವರು ಬ್ಯಾನರ್ ಕಟ್ಟಬೇಕೆಂದಿದ್ದರು. ನಾಳೆ ಎಂದೆ. ಹಿರೇಕೆರೂರಿನಿಂದ, ಆ ಸತ್ತ ಡಿಸ್ಕಿನ ಮನೆಯವರು ಫೋನು ಮಾಡಿದರು. ಅವರ ಮದುವೆಯ ಒಂದು ಚೂರೂ ನಮ್ಮಲ್ಲಿ ಉಳಿದಿರಲಿಲ್ಲ. ಆದರೂ ಅವರಿಗೆ ಚಾಚಾರ ಮುಖ ಬೇಕಾಗಿತ್ತು. ನಾಳೆ ಎಂದೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ಕೇಳೋರು ಯಾರಿದ್ದಾರೆ ಎಂದಿದ್ದರಲ್ಲ, ಬಂದು ಈ ಫೋನು ಎತ್ತಿಕೊಳ್ಳಲಿ ಎಂದು ಅವರ ಖಾಲಿ ಕುರ್ಚಿಯನ್ನು ಬೈದೆ.

ಮಧ್ಯಾಹ್ನ, ಗಂಡಸರು ಮಣ್ಣು ಕೊಡಲು ಹೋಗಿದ್ದ ಹೊತ್ತಿನಲ್ಲಿ, ಹತ್ತಿಮತ್ತೂರಿನ ತಾಯಿಯ ಫೋನು ಬಂತು.

"ಚಾಚಾರ ಫೋಟೋ ಐತೇನ ತಂಗಿ?"

"ಐತ್ರಿ. ಹಗೇವಿನಾಗ ಐತಿ. ನಾಳಿ ಬರ್ತೈತಿ" ಎಂದೆ. ಈ ಮಾತು ಆ ತಾಯಿಗೆ ಎಷ್ಟು ಸಲ ಹೇಳಿದ್ದೆವು, ಈ ಸಲ ಅದು ಖರೆ ಆಗಿತ್ತು.

"ಬರ್ಲಿ ತಂಗಿ. ಅವರು ನಾಳಿ ಅಂದದ್ದು ಒಂದ ಸಲನೂ ತಪ್ಪಿಲ್ಲ. ಕಾಯ್ತೇನಿ" ಎಂದಳು.

ಮರುದಿನ ಫೋಟೋ ಬಂತು. ಕೈ ಎತ್ತಿ ತಡಿ ತಡಿ ಎನ್ನುತ್ತಿದ್ದಾರೆ. ಹುಬ್ಬಿನ ಮೇಲೆ ಏನೂ ಇಲ್ಲ, ಬಾಯಿ ಅರ್ಧ ತೆರೆದಿದೆ, ಎಲೆಯ ಕೆಂಪು ಕಾಣುತ್ತದೆ. ಇದನ್ನು ಹೇಗೆ ಕಳಿಸುವುದು ಎಂದು ಯೋಚಿಸಿದೆ. ಈಗಿನ ತಂತ್ರದಲ್ಲಿ ಟೊಪ್ಪಿಗೆ ಸಮೇತ ತಲೆ ಕೂಡಿಸಲು ನನಗೆ ಬರುತ್ತದೆ. ಕೂಡಿಸಲಿಲ್ಲ. ಇದ್ದ ಹಾಗೆಯೇ ಎಲ್ಲರಿಗೂ ಕಳಿಸಿದೆ. ಹುಲಗೂರಿನ ಬ್ಯಾನರಿನಲ್ಲಿ ಚಾಚಾ ಹಾಗೆಯೇ ಕೈ ಎತ್ತಿ ನಿಂತರು. ನೋಡಿದವರು ನಕ್ಕರಂತೆ, ಆಮೇಲೆ ಕಣ್ಣೊರೆಸಿಕೊಂಡರಂತೆ.

ಮೂರನೆಯ ದಿನ, ಸತ್ತವರ ಹೆಸರಿನಲ್ಲಿ ಕುರಾನ್ ಓದುವ ಜಿಯಾರತ್ತಿಗೆ ಹೋದೆ. ಓದುವುದೆಲ್ಲ ಮುಗಿದು ಹೆಂಗಸರು ಎದ್ದ ಮೇಲೆ ಚಾಚಿ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

"ಎಲ್ಲಾರಿಗೂ ಫೋಟೋ ಕೊಟ್ಟಿ ಅಂತ. ನನಗೊಂದು?"

"ನಿಮ್ಮ ಮನ್ಯಾಗ ಹಾಕೂದಿಲ್ಲ ಅಂತ..."

"ಗೋಡಿಗೆ ಹಾಕೂದಿಲ್ಲ" ಎಂದರು ಚಾಚಿ. "ನನಗ ಬ್ಯಾಡ ಅಂತ ಯಾರ ಹೇಳಿದ್ರು?"

ಪರ್ಸಿನಲ್ಲಿ ಒಂದು ಸಣ್ಣ ಪ್ರತಿ ಇತ್ತು, ನನಗೆಂದು ಮಾಡಿಕೊಂಡದ್ದು. ತೆಗೆದು ಕೊಟ್ಟೆ. ಚಾಚಿ ಬೆಳಕಿಗೆ ಹಿಡಿದು ನೋಡಿದರು. ಬೆರಳಿನಿಂದ ಹುಬ್ಬಿನ ಮೇಲಿನ ಖಾಲಿ ಜಾಗ ಸವರಿದರು. ಒಲೆಯ ಪಕ್ಕದ ಹಲಗೆಯಿಂದ ಚಹಾಪುಡಿಯ ಡಬ್ಬಿ ಇಳಿಸಿ, ಮುಚ್ಚಳ ತೆಗೆದು, ಅದರ ಒಳಬದಿಗೆ ಫೋಟೋ ಸಿಗಿಸಿದರು. ಆಮೇಲೆ ನನಗೆ ಕೂರಲು ಹೇಳಿ, ಚಹಾಕ್ಕೆ ನೀರಿಟ್ಟರು.